ರೂಜ್: ಒಂದಂಕದ ನ್ಯಾಯ

ಕೆನಡಾದ ಫುಟ್‌ಬಾಲ್‌ನಲ್ಲಿ ಗುರಿ ತಪ್ಪಿದ ಒದೆತವೂ ಪಂದ್ಯ ಗೆಲ್ಲಿಸಬಹುದು. ಸ್ಕೋರು ಸಮವಾಗಿದೆ, ಕೆಲವೇ ಸೆಕೆಂಡುಗಳು ಉಳಿದಿವೆ, ತಂಡದ ಕಿಕರ್ ಫೀಲ್ಡ್ ಗೋಲ್‌ಗೆ ಸಿದ್ಧನಾಗಿದ್ದಾನೆ ಎಂದುಕೊಳ್ಳಿ. ಅವನು ಒದ್ದ ಚೆಂಡು ಎರಡು ಕಂಬಗಳ ನಡುವೆ ತೂರಿದರೆ ಮೂರು ಅಂಕ. ಕಂಬದ ಪಕ್ಕದಲ್ಲಿ ಸರಿದುಹೋಗಿ, ಗೋಲ್ ಗೆರೆಯ ಹಿಂದಿರುವ ಎಂಡ್ ಝೋನ್‌ನಲ್ಲಿ ಬಿದ್ದು, ಎದುರಾಳಿಗಳಿಗೆ ಅದನ್ನು ಅಲ್ಲಿಂದ ಹೊರತರಲು ಆಗದಿದ್ದರೆ ಒಂದು ಅಂಕ. ಆ ಒಂದರಲ್ಲೇ ಪಂದ್ಯ ಮುಗಿಯುತ್ತದೆ. ಈ ಅಂಕವನ್ನು ಅಲ್ಲಿನವರು ಸಿಂಗಲ್ ಎನ್ನುತ್ತಾರೆ. ಹಳೆಯ ಹೆಸರು ರೂಜ್.

ಮೊದಲ ಸಲ ನೋಡುವವರು ಇದನ್ನು ಅನ್ಯಾಯ ಎನ್ನುತ್ತಾರೆ. ತಪ್ಪಿದವನಿಗೆ ಬಹುಮಾನ ಕೊಡುವ ಆಟ ಎಂಥದ್ದು ಎಂಬ ಪ್ರಶ್ನೆ ಹತ್ತಾರು ವರ್ಷಗಳಿಂದ ಕೇಳಿಬರುತ್ತಿದೆ. ಕೊನೆಗೆ ಕೆನಡಿಯನ್ ಫುಟ್‌ಬಾಲ್ ಲೀಗ್, ಅಂದರೆ ಸಿಎಫ್‌ಎಲ್, ಆ ಪ್ರಶ್ನೆಗೆ ಮಣಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಲೀಗ್‌ನ ಕಮಿಷನರ್ ಸ್ಟೂವರ್ಟ್ ಜಾನ್‌ಸ್ಟನ್ ದೊಡ್ಡ ಬದಲಾವಣೆಗಳನ್ನು ಘೋಷಿಸಿದಾಗ ರೂಜ್‌ಗೆ ಕತ್ತರಿ ಹಾಕುವುದು ಅವುಗಳಲ್ಲಿ ಮುಖ್ಯವಾದದ್ದಾಗಿತ್ತು. ಆಟದ ಒಂದು ನಿಯಮವನ್ನೂ ಕೃತಿಯಂತೆಯೇ ವಿಮರ್ಶಿಸಬೇಕು ಎಂದು ನಂಬಿರುವವನು ನಾನು. ಅದು ಯಾವ ಕೌಶಲವನ್ನು ಬೆಳೆಸುತ್ತದೆ, ಯಾರ ಮೇಲೆ ಯಾವ ಹೊಣೆ ಹೊರಿಸುತ್ತದೆ, ಮೈದಾನದ ಯಾವ ಮೂಲೆಗೆ ಜೀವ ಕೊಡುತ್ತದೆ ಎಂದು ಕೇಳಬೇಕು. ಹಾಗೆ ಕೇಳಿದರೆ ರೂಜ್ ಒಂದು ಉತ್ತಮ ನಿಯಮ, ಅದರ ಒಂದು ಭಾಗ ಮಾತ್ರ ದುರ್ಬಲ ಎಂದು ಕಾಣುತ್ತದೆ. ಲೀಗ್ ಆ ದುರ್ಬಲ ಭಾಗವನ್ನು ಸರಿಪಡಿಸುವ ಭರದಲ್ಲಿ ಗಟ್ಟಿಯಾದದ್ದನ್ನೂ ಕೆಡವಲು ಹೊರಟಿದೆ ಎಂಬುದು ನನ್ನ ಆಕ್ಷೇಪ.

ನಿಯಮ ಅರ್ಥವಾಗಬೇಕಾದರೆ ಮೈದಾನ ಗೊತ್ತಿರಬೇಕು. ಕೆನಡಾದ ಆಟ ಅಮೆರಿಕನ್ ಫುಟ್‌ಬಾಲಿಗೆ ಹತ್ತಿರದ ನಂಟ. ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್ಟು, ಚೆಂಡನ್ನು ಎದುರಾಳಿಯ ಎಂಡ್ ಝೋನ್‌ಗೆ ಒಯ್ದು ಅಂಕ ಗಳಿಸುವ ಟಚ್‌ಡೌನ್ ಎಲ್ಲ ಎರಡಕ್ಕೂ ಸಮಾನ. ಆದರೆ ಕೆನಡಾದಲ್ಲಿ ತಂಡಕ್ಕೆ ಹನ್ನೊಂದರ ಬದಲು ಹನ್ನೆರಡು ಆಟಗಾರರು. ಹತ್ತು ಗಜ ಮುಂದೊತ್ತಲು ನಾಲ್ಕರ ಬದಲು ಮೂರೇ ಯತ್ನಗಳು, ಅವರ ಮಾತಿನಲ್ಲಿ ಮೂರು ಡೌನ್. ಗೋಲ್ ಗೆರೆಯಿಂದ ಗೋಲ್ ಗೆರೆಗೆ 110 ಗಜ ಉದ್ದ, 65 ಗಜ ಅಗಲ. ಅದರಾಚೆಗೆ ಎರಡೂ ಕಡೆ 20 ಗಜ ಆಳದ ಎಂಡ್ ಝೋನ್. 1986ಕ್ಕೆ ಮುಂಚೆ ಅದು 25 ಗಜವಿತ್ತು. ಅಮೆರಿಕದ ಮೈದಾನದಲ್ಲಿ ಇದೇ ಪಟ್ಟಿ 10 ಗಜ ಮಾತ್ರ. ಗೋಲ್ ಕಂಬಗಳು ಅಮೆರಿಕದ ಎನ್‌ಎಫ್‌ಎಲ್‌ನಲ್ಲಿ 1974ರಿಂದ ಎಂಡ್ ಝೋನ್‌ನ ಹಿಂಗೆರೆಯಲ್ಲಿವೆ. ಕೆನಡಾದಲ್ಲಿ ಅವು ಗೋಲ್ ಗೆರೆಯ ಮೇಲೆಯೇ ನಿಂತಿವೆ.

ಮೂರೇ ಡೌನ್ ಇರುವುದರಿಂದ ಎರಡು ಯತ್ನ ವಿಫಲವಾದ ತಂಡ ಸಾಮಾನ್ಯವಾಗಿ ಮೂರನೆಯದರಲ್ಲಿ ಚೆಂಡನ್ನು ಒದ್ದು ಎದುರಾಳಿಗೆ ಬಿಟ್ಟುಕೊಡುತ್ತದೆ. ಈ ಒದೆತವೇ ಪಂಟ್. ಆಟದುದ್ದಕ್ಕೂ ಪಂಟ್‌ಗಳು ಬರುತ್ತಲೇ ಇರುತ್ತವೆ. ಎದುರಾಳಿ ಅದನ್ನು ಹಿಡಿದು ಓಡಲೇಬೇಕು. ಅಮೆರಿಕದಲ್ಲಿ ಹಿಡಿಯುವವನು ಕೈ ಬೀಸಿ ತನ್ನನ್ನು ಮುಟ್ಟಬೇಡಿ ಎಂದು ಕೇಳಿಕೊಳ್ಳಬಹುದು. ಆ ಅನುಕೂಲ ಕೆನಡಾದಲ್ಲಿಲ್ಲ. ಬದಲಿಗೆ ಚೆಂಡು ಕೈಸೇರುವ ತನಕ ಒದ್ದ ತಂಡದವರು ಅವನಿಂದ ಐದು ಗಜ ದೂರ ನಿಲ್ಲಬೇಕು, ತಪ್ಪಿದರೆ ದಂಡ. ಅವನಿಗೆ ಉಸಿರಾಡಲು ಅಷ್ಟು ಜಾಗ ಕೊಟ್ಟ ಮೇಲೆ ಆಟ ಅವನಿಂದ ಓಟವನ್ನು ನಿರೀಕ್ಷಿಸುತ್ತದೆ. ಗುರಿ ತಪ್ಪಿದ ಫೀಲ್ಡ್ ಗೋಲ್ ಕೂಡ ಹೀಗೆಯೇ ಜೀವಂತ ಚೆಂಡು. ಯಾರು ಬೇಕಾದರೂ ಹಿಡಿದು ಓಡಬಹುದು.

ಈಗ ರೂಜ್ ತನ್ನ ಜಾಗದಲ್ಲಿ ಕಾಣುತ್ತದೆ. ಒದ್ದ ಚೆಂಡು ಎದುರಾಳಿಯ ಎಂಡ್ ಝೋನ್ ಸೇರಿತು. ಅದನ್ನು ಅಲ್ಲಿಂದ ಹೊರತರುವ ಹೊಣೆ ಈಗ ಎದುರಾಳಿಯದು. ಓಡಿ ತರಬಹುದು, ಅಥವಾ ಮರಳಿ ಒದ್ದು ಕಳಿಸಬಹುದು. ಎರಡೂ ಆಗದೆ ಅವನು ಅಲ್ಲೇ ಸಿಕ್ಕಿಬಿದ್ದರೆ, ಇಲ್ಲವೇ ತಾನಾಗಿ ಮಂಡಿಯೂರಿದರೆ, ಒದ್ದ ತಂಡಕ್ಕೆ ಒಂದಂಕ. ಚೆಂಡು ಯಾರಿಗೂ ಸಿಗದೆ ಎಂಡ್ ಝೋನ್ ದಾಟಿ ಮೈದಾನದ ಹೊರಗೆ ಹೋದರೂ 2025ರವರೆಗೆ ಪಂಟ್‌ಗೂ ತಪ್ಪಿದ ಫೀಲ್ಡ್ ಗೋಲ್‌ಗೂ ಅದೇ ಒಂದಂಕ ಸಿಗುತ್ತಿತ್ತು. ಅಂಕ ತೆತ್ತ ತಂಡ ಬರಿಗೈಯಲ್ಲಿ ಹೋಗುವುದಿಲ್ಲ. ಅದಕ್ಕೆ ತನ್ನ ಗೋಲ್ ಗೆರೆಯಿಂದ ಸಾಕಷ್ಟು ಮುಂದೆ ಚೆಂಡು ಸಿಗುತ್ತದೆ. ಒಬ್ಬರಿಗೆ ಅಂಕ, ಇನ್ನೊಬ್ಬರಿಗೆ ನೆಲ. ರೂಜ್ ಎಂದರೆ ಈ ವಿನಿಮಯ.

ಇದನ್ನು ಸೇಫ್ಟಿ ಎಂಬ ಇನ್ನೊಂದು ಅಂಕದ ಜೊತೆಗಿಟ್ಟು ನೋಡಿದರೆ ನಿಯಮದ ವಿವೇಕ ತಿಳಿಯುತ್ತದೆ. ಒಂದು ತಂಡ ಚೆಂಡನ್ನು ತಾನೇ ತನ್ನ ಎಂಡ್ ಝೋನ್‌ಗೆ ಒಯ್ದು ಅಲ್ಲಿ ಸಿಕ್ಕಿಬಿದ್ದರೆ ಎದುರಾಳಿಗೆ ಎರಡಂಕ. ಚೆಂಡನ್ನು ಅಲ್ಲಿಗೆ ಕಳಿಸಿದ್ದು ಎದುರಾಳಿಯ ಒದೆತವಾದರೆ ಒಂದೇ ಅಂಕ. ಕಷ್ಟಕ್ಕೆ ತಾನೇ ಕಾರಣನಾದವನಿಗೆ ಹೆಚ್ಚು ದಂಡ, ಇನ್ನೊಬ್ಬ ತಂದೊಡ್ಡಿದ ಕಷ್ಟದಿಂದ ಪಾರಾಗದವನಿಗೆ ಅರ್ಧ. ಹೊಣೆಯನ್ನು ತೂಗಿ ದಂಡ ಇಡುವ ಇಂಥ ಸೂಕ್ಷ್ಮ ಎಲ್ಲ ಆಟಗಳ ನಿಯಮಗಳಲ್ಲೂ ಸಿಗುವುದಿಲ್ಲ.

ಕಬಡ್ಡಿ ಬಲ್ಲವರಿಗೆ ಇದರ ಒಳತರ್ಕ ಸುಲಭವಾಗಿ ಹಿಡಿಯುತ್ತದೆ. ರೇಡರ್ ಎದುರಾಳಿಯ ಅಂಕಣಕ್ಕೆ ಹೋದ ಮೇಲೆ ಮರಳಿ ಬರಬೇಕು. ಬರಲಾಗದೆ ಸಿಕ್ಕಿಬಿದ್ದರೆ ಹಿಡಿದವರಿಗೆ ಅಂಕ. ಅಲ್ಲಿ ಯಾರೂ ರೇಡರ್ ವಿಫಲನಾದದ್ದಕ್ಕೆ ಎದುರಾಳಿಗೆ ಯಾಕೆ ಬಹುಮಾನ ಎಂದು ಕೇಳುವುದಿಲ್ಲ. ಅಂಕ ಬಂದದ್ದು ಹಿಡಿದವರ ಬಲದಿಂದ ಎಂದು ಎಲ್ಲರಿಗೂ ಗೊತ್ತು. ರೂಜ್‌ನಲ್ಲಿಯೂ ಅಂಕ ಹುಟ್ಟುವುದು ಚೆಂಡನ್ನು ಹಿಡಿದವನು ಗೆರೆ ದಾಟಲಾರದ ಗಳಿಗೆಯಲ್ಲಿ. ಕಂಬ ತಪ್ಪಿದ ಗಳಿಗೆಯಲ್ಲಿ ಅದು ಇನ್ನೂ ಹುಟ್ಟಿರುವುದಿಲ್ಲ.

ಹಾಗಿದ್ದರೆ ತಪ್ಪಿದ್ದಕ್ಕೆ ಬಹುಮಾನ ಎಂಬ ಆರೋಪ ಯಾಕೆ ಇಷ್ಟು ಗಟ್ಟಿಯಾಗಿ ಕೇಳುತ್ತದೆ? ನಾವು ಫೀಲ್ಡ್ ಗೋಲನ್ನು ಗುರಿಗೆ ಹೊಡೆಯುವ ಪರೀಕ್ಷೆ ಎಂದಷ್ಟೇ ನೋಡುತ್ತೇವೆ. ಪರೀಕ್ಷೆಯಲ್ಲಿ ಫೇಲಾದವನಿಗೆ ಅಂಕ ಕೊಡುವುದು ಕಣ್ಣಿಗೆ ಕುಕ್ಕುತ್ತದೆ. ಆದರೆ ಇದೇ ಘಟನೆಗೆ ಅಮೆರಿಕದ ಆಟ ಕೊಡುವ ತೀರ್ಪನ್ನು ಪಕ್ಕದಲ್ಲಿಡಿ. ಅಲ್ಲಿ ಪಂಟೋ, ಆಟ ಶುರುಮಾಡುವ ಒದೆತವಾದ ಕಿಕಾಫೋ ಎಂಡ್ ಝೋನ್ ಸೇರಿದರೆ ಹಿಡಿದವನು ಮಂಡಿಯೂರಿ ಕೂತರಾಯಿತು, ಟಚ್‌ಬ್ಯಾಕ್ ಎಂದು ಅವನ ತಂಡಕ್ಕೆ ಮೈದಾನದೊಳಗೆ ಹಲವು ಗಜ ಮುಂದೆ ಚೆಂಡು ಸಿಗುತ್ತದೆ. ಅವನು ಒಂದು ಹೆಜ್ಜೆ ಓಡಲಿಲ್ಲ, ಯಾರನ್ನೂ ತಪ್ಪಿಸಿಕೊಳ್ಳಲಿಲ್ಲ, ಆದರೂ ನೆಲ ಪುಕ್ಕಟೆ. ಏನೂ ಮಾಡದವನಿಗೆ ಉಡುಗೊರೆ ಕೊಡುವ ನಿಯಮ ನಮಗೆ ಸಹಜವೆನಿಸುವುದು ಟಿವಿಯಲ್ಲಿ ಅದನ್ನೇ ಹೆಚ್ಚು ನೋಡಿರುವುದರಿಂದ. ಆ ಉಡುಗೊರೆಯ ಫಲವೂ ಕಣ್ಣೆದುರಿಗಿದೆ. ಎನ್‌ಎಫ್‌ಎಲ್‌ನಲ್ಲಿ ಕಿಕಾಫ್ ಹಿಡಿದು ಓಡುವ ದೃಶ್ಯವೇ ಅಪರೂಪವಾಗಿ, 2024ರಲ್ಲಿ ಲೀಗ್ ಕಿಕಾಫ್‌ನ ಇಡೀ ವಿನ್ಯಾಸವನ್ನೇ ಬದಲಿಸಬೇಕಾಯಿತು. ಮಂಡಿಯೂರುವುದಕ್ಕೆ ಬೆಲೆ ಇಲ್ಲದ ಕಡೆ ಎಲ್ಲರೂ ಮಂಡಿಯೂರುತ್ತಾರೆ. ಕೆನಡಾ ಅದಕ್ಕೆ ಒಂದಂಕದ ಬೆಲೆ ಕಟ್ಟಿತು.

ಈ ಬೆಲೆ ಕಟ್ಟುವ ಪದ್ಧತಿ ಹಳೆಯದು. ಇಂಗ್ಲೆಂಡಿನ ಈಟನ್ ಶಾಲೆಯ ಫೀಲ್ಡ್ ಗೇಮ್‌ನಲ್ಲಿ ರೂಜ್ ಎಂಬ ಅಂಕ ಇದೆ. 1860ರ ದಶಕದಲ್ಲಿ ಶೆಫೀಲ್ಡ್ ನಗರದ ಫುಟ್‌ಬಾಲ್ ನಿಯಮಗಳಲ್ಲೂ ಅದು ಇತ್ತು. ಗೋಲಿನ ಎರಡೂ ಬದಿಗೆ ಬಾವುಟ ನೆಟ್ಟು, ಗೋಲು ತಪ್ಪಿ ಆ ಬಾವುಟಗಳೊಳಗೆ ಹೋದ ಚೆಂಡನ್ನು ಮೊದಲು ಮುಟ್ಟಿದವರಿಗೆ ರೂಜ್ ಕೊಡುತ್ತಿದ್ದರು. ಗೋಲುಗಳು ಸಮವಾದಾಗ ಅದು ಪಂದ್ಯ ತೀರ್ಮಾನಿಸುತ್ತಿತ್ತು. 1867ರಲ್ಲಿ ಅಲ್ಲಿ ನಡೆದ ಯೂಡನ್ ಕಪ್ ಫೈನಲ್‌ನಲ್ಲಿ ಹ್ಯಾಲಮ್ ತಂಡ ನಾರ್ಫೋಕ್ ತಂಡವನ್ನು ಸೋಲಿಸಿದ್ದು ರೂಜ್‌ಗಳಿಂದಲೇ. ಮರುವರ್ಷ ಶೆಫೀಲ್ಡ್ ಅದನ್ನು ಕೈಬಿಟ್ಟಿತು. ಗೋಲು ತಪ್ಪಿದ ಮೇಲೂ ಚೆಂಡಿನ ಬೆನ್ನು ಹತ್ತಬೇಕು, ಅಲ್ಲಿ ಇನ್ನೂ ಗಳಿಸುವುದು ಉಂಟು ಎಂಬ ಯೋಚನೆಗೆ ಕೆನಡಾದಲ್ಲಿ ದೀರ್ಘಾಯುಷ್ಯ ಸಿಕ್ಕಿತು.

ಅಲ್ಲಿ ಅದು ಒಂದು ಕಾಲಕ್ಕೆ ಆಟದ ನಡುಗಂಬವೇ ಆಗಿತ್ತು. 1909ರ ಡಿಸೆಂಬರ್‌ನಲ್ಲಿ ಟೊರಾಂಟೊದ ರೋಸ್‌ಡೇಲ್ ಮೈದಾನದಲ್ಲಿ ಕೆನಡಾದ ಫುಟ್‌ಬಾಲಿನ ಅತಿ ದೊಡ್ಡ ಪ್ರಶಸ್ತಿಯಾದ ಗ್ರೇ ಕಪ್‌ನ ಮೊದಲ ಪಂದ್ಯ ನಡೆಯಿತು. ಯುನಿವರ್ಸಿಟಿ ಆಫ್ ಟೊರಾಂಟೊ ತಂಡ ಪಾರ್ಕ್‌ಡೇಲ್ ಕನೂ ಕ್ಲಬ್ಬನ್ನು 26–6ರಿಂದ ಸೋಲಿಸಿತು. ಆ 26ರಲ್ಲಿ ಎಂಟು ಅಂಕಗಳು ಹ್ಯೂ ಗಾಲ್ ಎಂಬ ಒಬ್ಬನೇ ಆಟಗಾರನ ಕಾಲಿನಿಂದ ಬಂದ ಎಂಟು ಸಿಂಗಲ್‌ಗಳು. ಆಗ ಟಚ್‌ಡೌನ್‌ಗೆ ಐದೇ ಅಂಕ. ಚೆಂಡನ್ನು ಮುಂದಕ್ಕೆ ಕೈಯಿಂದ ಎಸೆಯಲು ಅನುಮತಿ ಇರಲಿಲ್ಲ. ನೆಲ ಗೆಲ್ಲುವ ದೊಡ್ಡ ಆಯುಧವೆಂದರೆ ಒದೆತ. ಎದುರಾಳಿಯನ್ನು ಒದೆತದಿಂದ ಹಿಂದಕ್ಕೆ ತಳ್ಳಿ, ಇನ್ನಷ್ಟು ತಳ್ಳಿ, ಕಡೆಗೆ ಅವನ ಮನೆಯೊಳಗೇ ಸಿಕ್ಕಿಸಿ ಒಂದೊಂದಾಗಿ ಅಂಕ ಕೀಳುವುದು ಆ ಕಾಲದ ಜಾಣ್ಮೆ. 1929ರಿಂದ ಚೆಂಡನ್ನು ಮುಂದಕ್ಕೆ ಎಸೆಯಲು ದಾರಿ ತೆರೆಯಿತು. 1956ರಲ್ಲಿ ಟಚ್‌ಡೌನ್ ಆರು ಅಂಕವಾಯಿತು. 1958ರಲ್ಲಿ ಸಿಎಫ್‌ಎಲ್ ಹುಟ್ಟುವ ಹೊತ್ತಿಗೆ ಆಟ ಎಸೆತದ ಕಡೆಗೆ ವಾಲಿತ್ತು, ಒಂದಂಕದ ತೂಕ ತಾನಾಗಿ ಕುಗ್ಗಿತ್ತು. ನಿಯಮ ಹಾಗೇ ಉಳಿದು ಅದರ ಪಾತ್ರ ಮಾತ್ರ ಬದಲಾಯಿತು. ಮೊದಲು ಅದು ಗಳಿಕೆಯ ದಾರಿ, ಆಮೇಲೆ ಪಂದ್ಯದ ಅಂಚಿನಲ್ಲಿ ಕಾಯುವ ಒತ್ತಡ.

ಆ ಒತ್ತಡದ ಬಲವನ್ನು ಗ್ರೇ ಕಪ್ ಚರಿತ್ರೆಯೇ ತೋರಿಸುತ್ತದೆ. 1947ರ ಫೈನಲ್‌ನಲ್ಲಿ ಟೊರಾಂಟೊ ಆರ್ಗೊನಾಟ್ಸ್ ಮತ್ತು ವಿನಿಪೆಗ್ 9–9ರಲ್ಲಿ ನಿಂತಿದ್ದಾಗ ಟೊರಾಂಟೊದ ಜೋ ಕ್ರೋಲ್ ಕೊನೆಯ ಗಳಿಗೆಯಲ್ಲಿ ಒದ್ದ ಸಿಂಗಲ್‌ನಿಂದ ಕಪ್ 10–9ರಲ್ಲಿ ತೀರ್ಮಾನವಾಯಿತು. ಕ್ರೋಲ್ ಆ ಕಾಲದ ಅತಿ ನುರಿತ ಕಿಕರ್‌ಗಳಲ್ಲಿ ಒಬ್ಬ. ದೇಶದ ದೊಡ್ಡ ಪಂದ್ಯ ಸಮವಾಗಿರುವಾಗ, ಕಾಲ ಮುಗಿಯುತ್ತಿರುವಾಗ, ಎದುರಾಳಿ ಹೊರತರಲಾಗದಂಥ ಜಾಗಕ್ಕೆ ಚೆಂಡನ್ನು ಮುಟ್ಟಿಸುವುದು ಅದೃಷ್ಟದ ಮಾತಲ್ಲ. ಆ ಅಂಕದಲ್ಲಿ ತಪ್ಪಿದ ಗುರಿಯೇ ಇಲ್ಲ. ಅವನು ಹೊರಟಿದ್ದೇ ಒಂದಂಕಕ್ಕೆ.

1994ರ ಫೈನಲ್ ಇನ್ನೂ ಸೂಕ್ಷ್ಮವಾದ ಪಾಠ. ಸಿಎಫ್‌ಎಲ್ ಅಮೆರಿಕದ ನಗರಗಳಿಗೆ ಕಾಲಿಟ್ಟಿದ್ದ ಆ ವರ್ಷಗಳಲ್ಲಿ ಬಾಲ್ಟಿಮೋರ್ ತಂಡ ಫೈನಲ್ ತಲುಪಿತ್ತು. ವ್ಯಾಂಕೂವರ್‌ನ ಬಿಸಿ ಪ್ಲೇಸ್ ಕ್ರೀಡಾಂಗಣದಲ್ಲಿ ಬಿಸಿ ಲಯನ್ಸ್ ಎದುರು 23–23. ಸುಮಾರು ಒಂದು ನಿಮಿಷ ಉಳಿದಿರುವಾಗ ಲಯನ್ಸ್‌ನ ಲೂಯಿ ಪಸಾಲಿಯಾ ಫೀಲ್ಡ್ ಗೋಲ್ ತಪ್ಪಿಸಿದ. ಬಾಲ್ಟಿಮೋರ್ ಒಂದಂಕ ಬಿಟ್ಟುಕೊಡದೆ ಚೆಂಡನ್ನು ಎಂಡ್ ಝೋನ್‌ನಿಂದ ಹೊರತಂದಿತು. ಆದರೆ ತನ್ನದೇ ಗೋಲ್ ಗೆರೆಯ ಪಕ್ಕದಲ್ಲಿ ಸಿಕ್ಕಿಬಿತ್ತು. ಅಲ್ಲಿಂದ ಮುಂದೆ ಸಾಗಲಾಗದೆ ಪಂಟ್ ಮಾಡಬೇಕಾಯಿತು, ಲಯನ್ಸ್‌ಗೆ ಹತ್ತಿರದಲ್ಲೇ ಚೆಂಡು ದಕ್ಕಿತು. ಪಸಾಲಿಯಾ ಕೊನೆಯ ಒದೆತದಲ್ಲಿ 38 ಗಜದ ಫೀಲ್ಡ್ ಗೋಲ್ ಹಾಕಿ 26–23ರಲ್ಲಿ ಕಪ್ ಗೆಲ್ಲಿಸಿದ. ಸ್ಕೋರ್ ಪಟ್ಟಿಯಲ್ಲಿ ಅಲ್ಲಿ ರೂಜ್ ಕಾಣುವುದಿಲ್ಲ. ಆದರೆ ಆ ಕೊನೆಯ ನಿಮಿಷದ ಪ್ರತಿ ಹೆಜ್ಜೆಯನ್ನೂ ನಡೆಸಿದ್ದು ಅದೇ. ಒಂದಂಕ ಉಳಿಸಲು ಬಾಲ್ಟಿಮೋರ್ ನೆಲ ತೆತ್ತಿತು, ಆ ನೆಲವೇ ಮೂರು ಅಂಕವಾಗಿ ಎದುರು ನಿಂತಿತು. ಒಂದು ನಿಯಮ ತಾನು ದಾಖಲಾಗದೆಯೂ ಪಂದ್ಯವನ್ನು ಹೀಗೆ ಬಿಗಿಯಬಲ್ಲದು ಎಂಬುದನ್ನು ಅಂಕಿ ಅಂಶಗಳಷ್ಟೇ ನೋಡುವವರು ಗಮನಿಸುವುದಿಲ್ಲ.

ಪಸಾಲಿಯಾನ ಹೆಸರನ್ನು ಇನ್ನೊಂದು ಕಾರಣಕ್ಕೂ ನೆನೆಯಬೇಕು. 1976ರಿಂದ 2000ದವರೆಗೆ 25 ಸೀಸನ್ ಒಂದೇ ತಂಡಕ್ಕೆ ಆಡಿದ ಅವನು ಗಳಿಸಿದ್ದು 3,991 ಅಂಕ. ಅದರಲ್ಲಿ 309 ಸಿಂಗಲ್‌ಗಳು. ಅವೆಲ್ಲ ಬರೀ ತಪ್ಪಿದ ಗುರಿಗಳ ರಾಶಿ ಎಂದುಕೊಂಡರೆ ಪಂಟ್ ಎಂಬ ಕಲೆಗೆ ಅವಮಾನ. ಗಾಳಿಯ ದಿಕ್ಕು, ಚೆಂಡು ನೆಲಕ್ಕೆ ಬಿದ್ದ ಮೇಲೆ ಉರುಳುವ ರೀತಿ, ಹಿಡಿಯುವವನು ನಿಂತಿರುವ ಜಾಗ, ತನ್ನವರು ಅಲ್ಲಿಗೆ ಓಡಿ ಮುಟ್ಟುವ ಹೊತ್ತು ಇಷ್ಟನ್ನೂ ಒಂದು ಒದೆತದಲ್ಲಿ ಲೆಕ್ಕ ಹಾಕಬೇಕು. ಮೊಟ್ಟೆಯಾಕಾರದ ಚೆಂಡು ನೆಲದಲ್ಲಿ ನೇರವಾಗಿ ಉರುಳುವುದಿಲ್ಲ. ಅದನ್ನು ಎಂಡ್ ಝೋನ್‌ನ ಮೂಲೆಗೆ ಕಳಿಸಿ ಹಿಡಿಯುವವನನ್ನು ಇಕ್ಕಟ್ಟಿಗೆ ಸಿಲುಕಿಸುವ ಕಲೆಯನ್ನು ಬೆಳೆಸಿದ್ದು ಈ ಒಂದಂಕ.

ಹಿಡಿಯುವವನ ತಲೆಯೊಳಗಿನ ಲೆಕ್ಕವೂ ಅಷ್ಟೇ ಸ್ವಾರಸ್ಯದ್ದು. ಮೂರನೇ ಕ್ವಾರ್ಟರಿನಲ್ಲಿ ತನ್ನ ತಂಡ ಹತ್ತಂಕ ಮುಂದಿದ್ದರೆ ಅವನು ಮಂಡಿಯೂರಿ ಒಂದಂಕ ಬಿಟ್ಟುಕೊಟ್ಟು ಸಾಕಷ್ಟು ಮುಂದೆ ಚೆಂಡು ಪಡೆಯುವುದೇ ಜಾಣತನ. ಸಮ ಸ್ಕೋರಿನಲ್ಲಿ, ಕೊನೆಯ ನಿಮಿಷದಲ್ಲಿ ಅದೇ ಜಾಣತನ ಆತ್ಮಹತ್ಯೆ. ಎರಡಂಕ ಮುಂದಿರುವ ತಂಡಕ್ಕೆ ರೂಜ್‌ನಿಂದ ಸೋಲಿಲ್ಲ, ಒಂದಂಕ ಮುಂದಿರುವ ತಂಡಕ್ಕೆ ರೂಜ್ ಎಂದರೆ ಸಮಬಲ. 2009ರ ಗ್ರೇ ಕಪ್ ನೆನಪಿರುವವರಿಗೆ ಈ ವ್ಯತ್ಯಾಸ ಗೊತ್ತು. ಸಸ್ಕಾಚೆವಾನ್ 27–25ರಲ್ಲಿ ಮುಂದಿತ್ತು. ಮಾಂಟ್ರಿಯಲ್‌ನ ಡೇಮನ್ ಡುವಾಲ್ ಕೊನೆಯ ಫೀಲ್ಡ್ ಗೋಲ್ ತಪ್ಪಿಸಿದಾಗ ಸಸ್ಕಾಚೆವಾನ್ ಗೆದ್ದಂತೆಯೇ ಇತ್ತು, ಏಕೆಂದರೆ ಒಂದಂಕ ಮಾಂಟ್ರಿಯಲ್‌ಗೆ ಸಾಕಾಗುತ್ತಿರಲಿಲ್ಲ. ಮೈದಾನದಲ್ಲಿ ಸಸ್ಕಾಚೆವಾನ್‌ನ ಹದಿಮೂರನೆಯ ಆಟಗಾರ ನಿಂತಿದ್ದನೆಂಬ ತಪ್ಪಿಗೆ ಒದೆತ ಹತ್ತು ಗಜ ಹತ್ತಿರದಿಂದ ಮತ್ತೆ ನಡೆದು, ಮಾಂಟ್ರಿಯಲ್ 28–27ರಲ್ಲಿ ಗೆದ್ದದ್ದು ಬೇರೆಯೇ ಕಥೆ. ಅಂದು ಆ ಎರಡಂಕದ ಅಂತರ ಸಸ್ಕಾಚೆವಾನ್‌ಗೆ ಕೊಟ್ಟ ಧೈರ್ಯ ಒಂದಂಕದ ಮುನ್ನಡೆಯಿಂದ ಸಿಗುತ್ತಿರಲಿಲ್ಲ. ಹೀಗೆ ಒಂದು, ಎರಡು, ಮೂರು ಎಂಬ ಪುಟ್ಟ ಅಂತರಗಳಿಗೆ ಬೇರೆ ಬೇರೆ ಅರ್ಥ ಬಂದದ್ದು ರೂಜ್‌ನಿಂದ.

ಅದು ಹುಟ್ಟಿಸಿದ ದೃಶ್ಯಗಳು ಬೇರೆಲ್ಲೂ ಕಾಣಸಿಗುವುದಿಲ್ಲ. 2010ರಲ್ಲಿ ಟೊರಾಂಟೊ–ಮಾಂಟ್ರಿಯಲ್ ಪಂದ್ಯ ಸಮವಾಗಿ ಮುಗಿಯುವ ಹಂತದಲ್ಲಿ ಇದೇ ಡುವಾಲ್‌ನ ಒದೆತ ತಪ್ಪಿತು. ಅದನ್ನು ಊಹಿಸಿ ಟೊರಾಂಟೊ ತನ್ನ ಕಿಕರ್ ನೋಯೆಲ್ ಪ್ರಿಫಾಂಟೇನ್‌ನನ್ನು ಎಂಡ್ ಝೋನ್‌ನಲ್ಲಿ ಮೊದಲೇ ನಿಲ್ಲಿಸಿತ್ತು. ಅವನು ಚೆಂಡು ಹಿಡಿದು ಮೈದಾನಕ್ಕೆ ಮರಳಿ ಒದ್ದ. ಡುವಾಲ್ ಅದನ್ನು ಹಿಡಿದು ಮತ್ತೆ ಎಂಡ್ ಝೋನ್‌ಗೆ ಒದ್ದ. ಸಾವಿರಾರು ಜನ ಎದ್ದು ನಿಂತು ನೋಡುತ್ತಿದ್ದಂತೆ ಆಟ ನೂರು ವರ್ಷ ಹಿಂದಕ್ಕೆ, ಹ್ಯೂ ಗಾಲ್‌ನ ಕಾಲಕ್ಕೆ ಹೋಗಿತ್ತು. 2007ರಲ್ಲಿ ಟೊರಾಂಟೊದ ಬಶೀರ್ ಲೆವಿಂಗ್‌ಸ್ಟನ್ ತಪ್ಪಿದ ಫೀಲ್ಡ್ ಗೋಲ್ ಹಿಡಿದು 129 ಗಜ ಓಡಿ ಟಚ್‌ಡೌನ್ ಮಾಡಿದ. ಎಂಡ್ ಝೋನ್‌ನ ಹಿಂಗೆರೆಯ ಹತ್ತಿರದಿಂದ ಮೈದಾನದ ಆ ತುದಿಯವರೆಗೆ! ಮಂಡಿಯೂರಲು ಮನಸ್ಸು ಮಾಡದ ಒಬ್ಬ ಓಟಗಾರನಿಗೆ ಈ ಮೈದಾನ, ಈ ನಿಯಮ ಕೊಡುವ ಅವಕಾಶಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಇಷ್ಟು ಹೇಳಿದ ಮೇಲೆ ನಿಯಮದ ದೌರ್ಬಲ್ಯವನ್ನೂ ನೇರವಾಗಿ ಹೇಳಬೇಕು. ಹೊಣೆಯೇ ಈ ಅಂಕದ ಆಧಾರವಾದರೆ, ಹೊಣೆ ನಿಭಾಯಿಸಲು ಅವಕಾಶವೇ ಇಲ್ಲದ ಕಡೆ ಅಂಕಕ್ಕೆ ಆಧಾರವಿಲ್ಲ. ಬಲವಾಗಿ ಒದ್ದ ಚೆಂಡು ಗಾಳಿಯಲ್ಲೇ ತೇಲಿಕೊಂಡು, ಎಲ್ಲರ ತಲೆಯ ಮೇಲಿಂದ ಹಾದು ಮೈದಾನದ ಹೊರಗೆ ಬಿದ್ದರೆ ಹಿಡಿಯುವವನು ಏನು ಮಾಡಬೇಕಿತ್ತು? ಅವನ ಮುಂದೆ ಆಯ್ಕೆಯೇ ಇರಲಿಲ್ಲ. ವಿಶೇಷವಾಗಿ ಹತ್ತಿರದಿಂದ ಹೊಡೆದ ಫೀಲ್ಡ್ ಗೋಲ್ ಕಂಬ ತಪ್ಪಿ ಹೀಗೆ ಹಾರಿಹೋದಾಗ ಬರುವ ಅಂಕವನ್ನು ಸಮರ್ಥಿಸುವುದು ನನಗೆ ಸಾಧ್ಯವಿಲ್ಲ. ಅಲ್ಲಿ ಆರೋಪ ಮಾಡುವವರು ಹೇಳುವುದು ನಿಜ. ಅದು ತಪ್ಪಿದ್ದಕ್ಕೆ ಸಿಕ್ಕ ಬಹುಮಾನ. ಪಂದ್ಯಗಳು ಹಾಗೆ ಮುಗಿದಾಗ ಗೆದ್ದವರ ಮುಖದಲ್ಲೂ ಪೂರ್ಣ ಸಂತೋಷ ಕಾಣುವುದಿಲ್ಲ.

ಆದ್ದರಿಂದ 2026ರಿಂದ ಜಾರಿಗೆಂದು ಲೀಗ್ ಘೋಷಿಸಿದ ತಿದ್ದುಪಡಿಯನ್ನು ನಾನು ಅರ್ಧ ಸ್ವಾಗತಿಸುತ್ತೇನೆ. ಅದರಂತೆ ಎಂಡ್ ಝೋನ್ ದಾಟಿ ಹೊರಗೆ ಹೋದ ಒದೆತಕ್ಕೆ ಇನ್ನು ಅಂಕವಿಲ್ಲ. ಚೆಂಡು ಹಿಡಿದವನು ಹೊರತರಲಾಗದೆ ಸಿಕ್ಕಿಬಿದ್ದರೆ ಅಥವಾ ಮಂಡಿಯೂರಿದರೆ ಮಾತ್ರ ಒಂದಂಕ. ಇದರಿಂದ ನಿಯಮ ತನ್ನ ಮೂಲ ತರ್ಕಕ್ಕೆ ಹತ್ತಿರವಾಗುತ್ತದೆ. ಕಿಕರ್ ಇನ್ನು ಬರೀ ಬಲದಿಂದ ಅಂಕ ಗಳಿಸಲಾರ. ಹಿಡಿಯುವವನು ಆಡಲೇಬೇಕಾದ ಜಾಗಕ್ಕೆ ಚೆಂಡು ಕಳಿಸುವ ಹದ ಅವನಿಗೆ ಬೇಕಾಗುತ್ತದೆ.

ಆದರೆ ತಿದ್ದುಪಡಿಯಲ್ಲಿ ಒಂದು ಕಣ್ತಪ್ಪಿದೆ. ಗಾಳಿಯಲ್ಲಿ ಹಾರಿಹೋದ ಚೆಂಡಿಗೂ ನೆಲಕ್ಕೆ ಬಿದ್ದು ಪುಟಿಯುತ್ತ ಹೊರಗೆ ಹೋದ ಚೆಂಡಿಗೂ ಅದು ಭೇದ ಮಾಡುವುದಿಲ್ಲ. 2026ಕ್ಕೆ ಮುಂಚೆ ಎಂಡ್ ಝೋನ್‌ನಲ್ಲಿ ಉರುಳುವ ಚೆಂಡನ್ನು ಕಂಡ ಆಟಗಾರ ಓಡಿಹೋಗಿ ಬಾಚಿಕೊಳ್ಳುತ್ತಿದ್ದ, ಬಿಟ್ಟರೆ ಅಂಕ ಹೋಗುತ್ತಿತ್ತು. ಇನ್ನು ಮುಂದೆ ಅವನು ಪಕ್ಕದಲ್ಲಿ ನಿಂತು ಅದು ಗೆರೆ ದಾಟುವುದನ್ನು ಕಾಯಬಹುದು. ಮುಟ್ಟಿದರೆ ಅಪಾಯ, ಬಿಟ್ಟರೆ ಕ್ಷೇಮ ಎಂದು ನಿಯಮವೇ ಅವನಿಗೆ ಹೇಳಿಕೊಟ್ಟಂತಾಯಿತು. ಆಟವನ್ನು ಹೆಚ್ಚಿಸಲು ಬಂದ ತಿದ್ದುಪಡಿ ಆಡದಿರುವುದಕ್ಕೆ ಉತ್ತೇಜನ ಕೊಡುವುದು ವಿಪರ್ಯಾಸ. ಇದಕ್ಕೆ ಪರಿಹಾರ ಸರಳ. ಮೈದಾನದೊಳಗೆ ಅಥವಾ ಎಂಡ್ ಝೋನ್‌ನೊಳಗೆ ನೆಲ ಮುಟ್ಟಿದ ಚೆಂಡು ಹೊರಗೆ ಹೋದರೆ ಅಂಕ ಇರಲಿ, ಗಾಳಿಯಲ್ಲೇ ಹೊರಗೆ ಹೋದದ್ದಕ್ಕೆ ಬೇಡ. ನೆಲ ಮುಟ್ಟಿದ ಚೆಂಡನ್ನು ಹಿಡಿಯಲು ಒಂದು ಅವಕಾಶವಾದರೂ ಇದ್ದೇ ಇರುತ್ತದೆ. ಅವಕಾಶ ಇದ್ದ ಕಡೆ ಹೊಣೆಯೂ ಇರಬೇಕು.

ಇದಕ್ಕಿಂತ ದೊಡ್ಡ ಆತಂಕ 2027ಕ್ಕೆಂದು ಘೋಷಿಸಿರುವ ಬದಲಾವಣೆಗಳದು. ಮೈದಾನ 110ರಿಂದ 100 ಗಜಕ್ಕೆ, ಎಂಡ್ ಝೋನ್ 20ರಿಂದ 15 ಗಜಕ್ಕೆ ಇಳಿಯುತ್ತದೆ. ಗೋಲ್ ಕಂಬಗಳು ಗೋಲ್ ಗೆರೆಯಿಂದ ಹಿಂಗೆರೆಗೆ ಸರಿಯುತ್ತವೆ. ಟಚ್‌ಡೌನ್‌ಗಳು ಹೆಚ್ಚುತ್ತವೆ ಎಂಬುದು ಲೀಗ್‌ನ ವಾದ, ಅದನ್ನು ತಳ್ಳಿಹಾಕುವಂತಿಲ್ಲ. ಗೋಲ್ ಗೆರೆಯ ಮೇಲೆ ನಿಂತ ಕಂಬಗಳು ಎಸೆತದ ದಾರಿಗೆ ಅಡ್ಡ, ಓಡಿಬರುವ ಆಟಗಾರನಿಗೆ ಅಪಾಯ ಎಂಬುದೂ ನಿಜ. ಆದರೆ ರೂಜ್‌ನ ದೃಷ್ಟಿಯಿಂದ ಪರಿಣಾಮ ಏನೆಂದು ನೋಡೋಣ. ಕಂಬಗಳು ಗೋಲ್ ಗೆರೆಯಲ್ಲಿದ್ದಾಗ ತಪ್ಪಿದ ಒದೆತಕ್ಕೆ ಬೀಳಲು ಹಿಂದೆ 20 ಗಜ ಜಾಗ ಇತ್ತು. ಕಂಬಗಳು ಹಿಂಗೆರೆಗೆ ಹೋದರೆ ಅವುಗಳ ಪಕ್ಕ ಸರಿದ ಚೆಂಡು ಬಹುಪಾಲು ನೇರವಾಗಿ ಹೊರಗೇ ಬೀಳುತ್ತದೆ. ಓಟವಿಲ್ಲ, ಮರು ಒದೆತವಿಲ್ಲ, ಅಂಕವೂ ಇಲ್ಲ. ಲೆವಿಂಗ್‌ಸ್ಟನ್‌ನ 129 ಗಜದ ಓಟ ಹೊಸ ಮೈದಾನದಲ್ಲಿ ಲೆಕ್ಕಕ್ಕೇ ಅಸಾಧ್ಯ. ಹಿಂಗೆರೆಯಿಂದ ಎದುರಿನ ಗೋಲ್ ಗೆರೆಗೆ ಅಲ್ಲಿ ಇರುವುದೇ 115 ಗಜ.

ಪಂಟ್‌ನ ಗತಿಯೂ ಬಿಗಿಯಾಗುತ್ತದೆ. 15 ಗಜದ ಪಟ್ಟಿಯೊಳಗೆ ಚೆಂಡು ನಿಲ್ಲಿಸುವುದು 20 ಗಜದೊಳಗೆ ನಿಲ್ಲಿಸುವುದಕ್ಕಿಂತ ಕಷ್ಟ. ದಾಟಿಹೋದರೆ ಅಂಕವಿಲ್ಲವೆಂದಾದ ಮೇಲೆ ಕೋಚ್‌ಗಳು ಆ ಸಾಹಸಕ್ಕೆ ಕೈಹಾಕುವುದೇ ಕಡಿಮೆಯಾಗುತ್ತದೆ. ಟೊರಾಂಟೊದ ಬಿಎಂಒ ಫೀಲ್ಡ್‌ನಲ್ಲಿ ಜಾಗದ ಕೊರತೆಯಿಂದ ಎಂಡ್ ಝೋನ್ ಈಗಾಗಲೇ 18 ಗಜಕ್ಕೆ ಇಳಿದಿದೆ; ಅಲ್ಲಿ ಅದು ಅನಿವಾರ್ಯತೆ. ಅನಿವಾರ್ಯತೆಯನ್ನು ಮೀರಿ ಇಡೀ ಲೀಗ್‌ಗೆ ಅದನ್ನು ಆದರ್ಶವಾಗಿ ಹೇರುವುದು ಬೇರೆ ಮಾತು. 2026ರ ತಿದ್ದುಪಡಿ ರೂಜನ್ನು ಆಟಗಾರನ ಓಟದ ಮೇಲೆ ನಿಲ್ಲಿಸುತ್ತದೆ. 2027ರ ತಿದ್ದುಪಡಿ ಓಡುವ ನೆಲವನ್ನೇ ಕಸಿಯುತ್ತದೆ. ಎರಡೂ ಒಂದೇ ಪತ್ರಿಕಾಗೋಷ್ಠಿಯಿಂದ ಬಂದವು, ಆದರೆ ಒಂದು ಇನ್ನೊಂದನ್ನು ಅಳಿಸುತ್ತದೆ.

ಬದಲಾವಣೆಯನ್ನು ವಿರೋಧಿಸಿದವರಲ್ಲಿ ಬಿಸಿ ಲಯನ್ಸ್‌ನ ಕ್ವಾರ್ಟರ್‌ಬ್ಯಾಕ್ ನೇಥನ್ ರೋರ್ಕ್‌ನಂಥ ಕೆನಡಾದವರೇ ಆದ ಆಟಗಾರರೂ ಇದ್ದಾರೆ. ವಿರೋಧದ ಬಹುಪಾಲು ದನಿ ಇದು ನಮ್ಮ ಆಟ, ಅಮೆರಿಕದ ಪಡಿಯಚ್ಚು ಬೇಡ ಎಂಬುದು. ಆ ಭಾವನೆಗೆ ನನ್ನ ಗೌರವವಿದೆ. ಆದರೆ ಅದು ಸಾಲದು. ನಮ್ಮದು ಎಂಬ ಒಂದೇ ಕಾರಣಕ್ಕೆ ಯಾವ ನಿಯಮವೂ ಉಳಿಯಬೇಕಿಲ್ಲ. ಶೆಫೀಲ್ಡ್‌ನವರು ತಮ್ಮದೇ ರೂಜನ್ನು ಯೋಚಿಸಿಯೇ ಬಿಟ್ಟರು. ಹೆಮ್ಮೆಯ ಮಾತನ್ನೇ ಮುಂದಿಟ್ಟರೆ ಎದುರು ಪಕ್ಷ ಅದನ್ನು ಹಳೆಯದರ ಮೋಹ ಎಂದು ಸುಲಭವಾಗಿ ಬದಿಗೆ ಸರಿಸುತ್ತದೆ. ರೂಜನ್ನು ಅದರ ಗುಣದ ಮೇಲೆ ಸಮರ್ಥಿಸಬೇಕು. ಒದೆತವನ್ನು ಅದು ಶರಣಾಗತಿಯಾಗಲು ಬಿಡಲಿಲ್ಲ. ಗುರಿ ತಪ್ಪಿದ ಮೇಲೂ ಚೆಂಡನ್ನು ಜೀವಂತವಾಗಿಟ್ಟಿತು. ಕಿಕರ್, ಓಟಗಾರ, ಕೋಚ್ ಮೂವರಿಗೂ ಒಂದೇ ಗಳಿಗೆಯಲ್ಲಿ ಕಷ್ಟದ ತೀರ್ಮಾನ ಒಡ್ಡಿತು. ಟಚ್‌ಡೌನ್‌ಗಳ ಸಂಖ್ಯೆಯಲ್ಲಿ ಇದು ಕಾಣುವುದಿಲ್ಲ, ಹಾಗಾಗಿ ಲೆಕ್ಕ ಹಾಕುವವರ ಕಣ್ಣಿಗೆ ಬೀಳುವುದಿಲ್ಲ.

ಕೆನಡಾದ ಕಾಲೇಜು ಮತ್ತು ಶಾಲಾ ತಂಡಗಳು ತಮ್ಮದೇ ನಿಯಮ ಪುಸ್ತಕದಡಿ ಇದೇ ದೊಡ್ಡ ಮೈದಾನದಲ್ಲಿ ಆಡುತ್ತ ಬಂದಿವೆ. ಹಲವು ಕಡೆ ಸಿಎಫ್‌ಎಲ್ ತಂಡಕ್ಕೂ ವಿಶ್ವವಿದ್ಯಾಲಯದ ತಂಡಕ್ಕೂ ಕ್ರೀಡಾಂಗಣ ಒಂದೇ. ವೃತ್ತಿಪರ ಲೀಗ್ ಗೆರೆ ಬದಲಿಸಿದರೆ ಆ ಹುಡುಗರು ಒಂದೋ ಹಿಂಬಾಲಿಸಬೇಕು, ಇಲ್ಲವೇ ಬೇರೆ ಆಟ ಕಲಿತು ಮೇಲೆ ಬರಬೇಕು. ಪಂಟ್ ಹಿಡಿದು ಎಂಡ್ ಝೋನ್‌ನಿಂದ ಓಡಿಬರುವ ಧೈರ್ಯ ಹದಿನಾರರ ವಯಸ್ಸಿನಲ್ಲಿ ಕಲಿಯುವಂಥದ್ದು. ಅದನ್ನು ಕೇಳುವ ನಿಯಮವೇ ಮೇಲಿನ ಹಂತದಲ್ಲಿ ಇಲ್ಲವಾದರೆ ಕೆಳಗೆ ಯಾರೂ ಕಲಿಸುವುದಿಲ್ಲ.

ನನ್ನ ತೀರ್ಮಾನ ಸ್ಪಷ್ಟ. ಗಾಳಿಯಲ್ಲಿ ಹಾರಿಹೋದ ಚೆಂಡಿನ ಅಂಕವನ್ನು ತೆಗೆದದ್ದು ಸರಿ. ನೆಲ ಮುಟ್ಟಿ ಉರುಳಿದ ಚೆಂಡಿನ ಅಂಕವನ್ನು ಮರಳಿ ಕೊಡಬೇಕು. ಕಂಬಗಳನ್ನು ಹಿಂದಕ್ಕೆ ಸರಿಸಲೇಬೇಕೆಂದಿದ್ದರೆ ಎಂಡ್ ಝೋನ್‌ನ 20 ಗಜವನ್ನಾದರೂ ಮುಟ್ಟಬಾರದು, ಏಕೆಂದರೆ ಉಳಿದಿರುವ ರೂಜ್‌ಗೆ ಆ ನೆಲವೇ ಪ್ರಾಣ. ಇದನ್ನು ಮಾಡದೆ ನಿಯಮವನ್ನು ಪುಸ್ತಕದಲ್ಲಿ ಮಾತ್ರ ಉಳಿಸಿಕೊಂಡರೆ, ಕೆಲವು ವರ್ಷಗಳ ನಂತರ ಯಾರೋ ಒಬ್ಬರು ಇದು ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ ಬರುವ ಅಂಕ, ಇದನ್ನೂ ತೆಗೆದುಬಿಡೋಣ ಎನ್ನುತ್ತಾರೆ, ಆಗ ಅವರ ಮಾತಿಗೆ ಉತ್ತರ ಇರುವುದಿಲ್ಲ. ನೂರು ವರ್ಷಕ್ಕೂ ಮಿಗಿಲಾಗಿ ಆಟಗಾರರಿಂದ ಓಟವನ್ನು ಕೇಳುತ್ತ ಬಂದ ನಿಯಮವನ್ನು ಕೊಲ್ಲಬೇಕೆಂದರೆ ಲೀಗ್ ಅದನ್ನು ಬಹಿರಂಗವಾಗಿ, ವಾದ ಮಾಡಿ ಕೊಲ್ಲಲಿ. ನೆಲ ಕಿರಿದುಗೊಳಿಸಿ ಉಸಿರುಗಟ್ಟಿಸುವುದು ಆ ಆಟಕ್ಕೂ ಅದನ್ನು ಆಡಿದವರಿಗೂ ಸಲ್ಲುವ ಗೌರವವಲ್ಲ.